ಅರಗು ಕುಡಿದ ಎಲುಬು

ನ್ಯಾಮತಿಯ ದುರುಗಕ್ಕ ಹಿಡಿ ಹಾಕಿದ ಕತ್ತಿ ಹತ್ತು ವರ್ಷವಾದರೂ ಅಲುಗುತ್ತಿರಲಿಲ್ಲ. ಅಲಗು ಬಡಿಯುವುದು ಮೈದುನ ಹಾಲಸ್ವಾಮಿ, ಹಿಡಿ ಇವಳದು. ಅಂಥವಳು ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯ ಒಂದು ಬೆಳಿಗ್ಗೆ ಒಡೆದ ಎಲುಬನ್ನು ಮಡಿಲಲ್ಲಿಟ್ಟುಕೊಂಡು ಕುಲುಮೆಯ ಮುಂದೆ ಕೂತಿದ್ದಳು.

ಎಲುಬು ಹೊನ್ನಾಳಿಯ ದನದ ಆಸ್ಪತ್ರೆ ಕಾಂಪೌಂಡರ್ ವಿರೂಪಾಕ್ಷಪ್ಪ ತಂದುಕೊಟ್ಟದ್ದು. ಸಾಸ್ವೆಹಳ್ಳಿ ಹತ್ತಿರ ಹೊಳೆದಂಡೆ ಅಗೆಯುವಾಗ ಅವನ ಅಪ್ಪನಿಗೆ ಸಿಕ್ಕಿದ್ದು; ಯಾವ ಕಾಲದ ಯಾವ ಪ್ರಾಣಿಯದೋ, ಮಣ್ಣೊಳಗೇ ಕಲ್ಲಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಅದನ್ನು ಚಾಕುವಿನ ಹಿಡಿ ಮಾಡಿಸಿ ಜೊತೆಗಿಟ್ಟುಕೊಳ್ಳುವ ಆಸೆ ಮಗನಿಗೆ. ಮೇಲೆ ಕಲ್ಲು, ಒಳಗೆ ರಸ್ಕಿನ ಹಾಗೆ ತೂತುತೂತು. ತೂತು ಕೊರೆಯುವ ಬೈರಿಗೆ ತಾಗಿದ್ದೇ ತಡ, ಅರ್ಧ ಪುಡಿಯಾಗಿ ಉದುರಿತು.

“ಕೋಣದ ಎಲುಬನ್ನ ಚಾದಾಗೆ ಕುದಿಸಿದ್ರೆ ಇದೇ ಬಣ್ಣ ಬರತೈತೆ. ಅವನಿಗೇನು ಗೊತ್ತಾಗತೈತೆ?” ಅಂದ ಹಾಲಸ್ವಾಮಿ.

“ಅವರಪ್ಪ ಕೈಯಾಗೆ ಹಿಡಿದ ಎಲುಬು ಕಣೋ ಇದು.”

ಮಧ್ಯಾಹ್ನ ವಿರೂಪಾಕ್ಷಪ್ಪ ಬಂದ. ಒಡೆದದ್ದನ್ನು ಕಂಡು ಅವನ ಮುಖ ಬಿಗಿಯಿತು. “ಯಾರು ಮಾಡಿದ್ದು?”

“ನಾನೇ. ಗಟ್ಟಿ ಮಾಡದೆ ಬೈರಿಗೆ ಹಾಕಿದೆ.”

ಅವನು ಉಳಿದರ್ಧವನ್ನು ಟವೆಲಿನಲ್ಲಿ ಸುತ್ತಿಕೊಂಡು ಬೀದಿಗಿಳಿದ. ದುರುಗಕ್ಕ ಹಿಂದೆಯೇ ಹೋದಳು.

“ಇದರಾಗೇ ಹಿಡಿಯ ಎರಡು ಬದಿಗೆ ಎರಡು ತೆಳು ಪಟ್ಟಿ ಬರತಾವೆ ರೀ. ಅರಗು ಕುಡಿಸಿದ್ರೆ ನಿಲ್ಲಬಹುದು. ಆದ್ರೆ ಅರಗು ಒಳಗಿಳಿಯಾಕೆ ತೂತಿನಾಗಿನ ಗಾಳಿ ಎಳೀಬೇಕು. ದನದ ಸಿರಿಂಜು ತರ್ರಿ, ಎಳಿಯಾಕೆ ನೀವೂ ಬರ್ರಿ.”

“ಮತ್ತೆ ಒಡೆದ್ರೆ?”

“ಒಡಿಯಲ್ಲ ಅಂತ ಹೇಳಾಕೆ ಬರಲ್ಲ.”

ಅವನು ಕುಲುಮೆಯತ್ತ ತಿರುಗಿ ಬಂದ. ಟವೆಲು ಬಿಚ್ಚಿ ಎಲುಬನ್ನು ಕಟ್ಟೆಯ ಮೇಲಿಟ್ಟು ಹೋದ.

ಎಂಟು ದಿನ ಅದನ್ನು ನೆರಳಲ್ಲಿ ಒಣಗಿಸಿದಳು. ಅವನು ಸಿರಿಂಜು ತಂದ ದಿನ, ಸ್ಪಿರಿಟಿಗೆ ಕಿಡಿ ತಾಗೀತೆಂದು ಕುಲುಮೆ ಆರಿಸಿದರು. ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಗಾಜಿನ ಜಾಡಿಗೆ ಸುರಿದು, ಎಲುಬು ಮುಳುಗಿಸಿ, ಬಿರಡೆಗೆ ರಬ್ಬರ್ ಕೊಳವೆ ಸಿಕ್ಕಿಸಿದಳು. ಅವನು ಕೊಳವೆಯ ತುದಿಗೆ ಸಿರಿಂಜು ಹಚ್ಚಿ ಎಳೆದ. ಅವಳು ಕೊಳವೆ ಹಿಸುಕಿ ಹಿಡಿದಳು. ಅವನು ಸಿರಿಂಜು ಬಿಡಿಸಿ ಗಾಳಿ ಹೊರಗೆ ತಳ್ಳಿ, ಮತ್ತೆ ಹಚ್ಚಿ ಎಳೆದ. ಎಲುಬಿನ ತೂತುಗಳಿಂದ ಗುಳ್ಳೆಗಳು ಬುಳುಬುಳು ಎದ್ದವು.

ಒಂಬತ್ತನೇ ಸಲಕ್ಕೆ ಜಾಡಿ ಟಕ್ ಎಂದಿತು. ಕತ್ತಿನ ಹತ್ತಿರ ಕೂದಲೆಳೆಯಷ್ಟು ಬಿರುಕು.

“ಬಿಡ್ರಿ! ಗಾಜು ಮುಖಕ್ಕೆ ಸಿಡಿಯತೈತೆ!” ಹಾಲಸ್ವಾಮಿ ಹಿಂದಕ್ಕೆ ಹಾರಿದ.

ಈಗ ಬಿಟ್ಟರೆ ಎಲುಬಿನ ತಿರುಳಿಗೆ ಅರಗು ಇಳಿಯುವುದೇ ಇಲ್ಲ. ದುರುಗಕ್ಕ ಗೋಣಿಚೀಲ ಎಳೆದು ಜಾಡಿಗೆ ಸುತ್ತಿ, ಮೊಣಕಾಲುಗಳ ನಡುವೆ ಅದುಮಿಕೊಂಡಳು. ಕೊಳವೆ ಹಿಸುಕಿದ ಬೆರಳು ಸಡಿಲಿಸಲಿಲ್ಲ.

“ಎಳೀರಿ.”

ವಿರೂಪಾಕ್ಷಪ್ಪ ಅವಳ ಮುಖ ನೋಡಿದ. ಎಳೆದ. ಮತ್ತೊಮ್ಮೆ, ಇನ್ನೊಮ್ಮೆ. ಗೋಣಿಯ ಸಂದಿಯಲ್ಲಿ ಕಾಣುತ್ತಿದ್ದ ಗುಳ್ಳೆಗಳು ಸಣ್ಣಗಾಗಿ ನಿಂತವು. ಅವಳು ಬೆರಳು ಸಡಿಲಿಸಿದೊಡನೆ ಗಾಳಿ ಸುಯ್ಯೆಂದು ಒಳನುಗ್ಗಿತು. ಗೋಣಿ ಸರಿಸಿ ನೋಡಿದರೆ ಅರಗು ಒಂದು ಬೆರಳು ಇಳಿದಿತ್ತು.

“ಕುಡೀತು,” ಅಂದಳು. ಆಗಲೇ ಅವಳಿಗೆ ಉಸಿರು ಬಂದದ್ದು.

ಹೊಸ ಜಾಡಿಯಲ್ಲಿ ಇನ್ನೆರಡು ಸಲ ಕುಡಿಸಿ ತಿಂಗಳು ಒಣಗಿಸಿದಳು. ಗರಗಸ ಇಟ್ಟಾಗ ಎಲುಬು ಉದುರಲಿಲ್ಲ. ಎರಡು ಪಟ್ಟಿ ಬಂದವು, ಒಂದರ ಮೂಲೆ ಮಾತ್ರ ಚೂರು ಹಾರಿತು. ಪಟ್ಟಿಗಳನ್ನು ಚಾಕುವಿಗೆ ಮೊಳೆ ಬಡಿದು ಕೂರಿಸಲು ಹಾಲಸ್ವಾಮಿ ಸುತ್ತಿಗೆ ಎತ್ತಿದ. ಅವಳು ಅವನ ಮಣಿಕಟ್ಟು ಹಿಡಿದಳು. “ಬಡೀಬ್ಯಾಡ. ಅಂಟಿನಾಗೇ ಕೂರಲಿ.”

ವಿರೂಪಾಕ್ಷಪ್ಪ ಚಾಕು ಹಿಡಿದು ಹಿಚುಕಿ ನೋಡಿದ. ಹೆಬ್ಬೆರಳು ಆ ಮುಕ್ಕಾದ ಮೂಲೆಯ ಮೇಲೆ ನಿಂತಿತು. ಚೆನ್ನಾಗೈತೆ ಅನ್ನಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸಿಗೆ ಹೋದ. ಮೂರು ತಿಂಗಳಿಗೆ, ಅವನ ತಾಯಿ ಗಾದ್ರಮ್ಮ, ಮಗ ಹೇಳಿದನೆಂದು, ಹಿಡಿ ಸಡಿಲಾದ ಕುಡುಗೋಲು ಹಿಡಿದುಕೊಂಡು ತಾನೇ ನ್ಯಾಮತಿಗೆ ಬಂದಳು.