ಮುತ್ತಪ್ಪನ ಕಾಲು, ಮಲೀಕಸಾಬನ ಚಪ್ಪಲಿ

ಇಳಕಲ್ಲಿನ ಕಲ್ಲುಗಣಿಯಲ್ಲಿ ಹಾರೆ ಹಾಕಿ ಬಂಡೆ ಮೀಟುವುದು ಮುತ್ತಪ್ಪನ ಕೆಲಸ. ಎಂಬತ್ತೊಂದನೇ ಇಸವಿಯಲ್ಲಿ ಅವನ ಎಡಗಾಲಿನ ಮೇಲೆ ಕಲ್ಲು ಬಿತ್ತು. ಮೂಳೆ ಕೂಡಿತು, ಬಲ ಮಾತ್ರ ಬರಲಿಲ್ಲ. ಆದರೂ ಅವನು ಗಣಿ ಬಿಡಲಿಲ್ಲ. ಮನೆಯಲ್ಲಿ ಗೋಡೆ ಹಿಡಿದು ನಡೆಯುತ್ತಾನೆ, ಕಾಲು ನೀವಿಕೊಂಡು ನರಳುತ್ತಾನೆ. ಹೊಸ್ತಿಲು ದಾಟಿದನೋ, ಮೀಸೆ ಮೇಲೇರುತ್ತದೆ. ಹರೆಯದಲ್ಲಿ ಬೀರಪ್ಪನ ಗುಡಿ ಮುಂದಿನ ಗುಂಡುಕಲ್ಲು ಎತ್ತಿ ಬೆಳ್ಳಿ ಕಡಗ ಗೆದ್ದವನು ಊರ ಮುಂದೆ ಕುಂಟುವುದೆಂದರೇನು!

ಬೇಸತ್ತ ಹೆಂಡತಿ ಸೋಮವ್ವ, ಗಣಿಯ ಜೊತೆಗಾರ ಮಲೀಕಸಾಬನನ್ನು ಮನೆಗೇ ಕರೆಸಿದಳು.

"ಲೇ ಮುತ್ತ್ಯಾ, ಖಣಿ ಬಿಡೋ. ಅಂಗವಿಕಲರಿಗೆ ಸರಕಾರ ತಿಂಗಳಾ ಪಿಂಚಣಿ ಕೊಡ್ತೈತಿ. ಡಾಕ್ಟರ ಸರ್ಟಿಫಿಕೇಟ ತಗೊಂಡು ತಹಶೀಲ್ದಾರ ಕಚೇರಿಗೆ ಅರ್ಜಿ ಕೊಡೂಣು," ಎಂದ ಮಲೀಕಸಾಬ.

"ನಾ ಏನ್ ಭಿಕ್ಷಾ ಬೇಡಾಂವೇನಲೇ?"

"ನಮ್ಮಣ್ಣ ಅಹ್ಮದಸಾಬ ಕಣ್ಣ ಹೋದ ಮ್ಯಾಲೆ ತಗೊಳ್ಳಾಕತ್ತಾನ. ಟಪಾಲಿನಾಂವ ಮನಿಗೇ ಬಂದು, ನಮಸ್ಕಾರ ಹೇಳಿ ಕೊಟ್ಟ ಹೋಗ್ತಾನ. ಭಿಕ್ಷಾನ ಹಿಂಗ ಯಾರರ ಮನಿಗೆ ತಂದ ಕೊಡ್ತಾರೇನು?"

"ಮಂದಿ ಕುಂಟ ಅಂತಾರಲೇ."

"ಈಗೂ ಅಂತಾರ್ರಿ. ನಿಮ್ಮ ಮುಂದ ಅನ್ನೂದಿಲ್ಲ, ಅಷ್ಟ," ಎಂದಳು ಸೋಮವ್ವ, ರೊಟ್ಟಿ ಬಡಿಯುತ್ತಲೇ.

ಅಂತೂ ಮೂವರೂ ಬಸ್ಸು ಹತ್ತಿ ಹುನಗುಂದದ ದವಾಖಾನೆಗೆ ಹೋದರು. ಅಲ್ಲಿನ ಡಾಕ್ಟರು ಹೆಂಗಸು, ಎಲ್ಲರಿಗೂ ಡಾಕ್ಟರಬಾಯಿ. ಅವರ ಕೋಣೆ ಬಂದ ಕೂಡಲೇ ಮುತ್ತಪ್ಪ ರುಮಾಲು ಸರಿಪಡಿಸಿಕೊಂಡು, ಹಲ್ಲು ಕಚ್ಚಿ, ಸಿಪಾಯಿಯಂತೆ ನೆಟ್ಟಗೆ ನಡೆದು ಒಳಗೆ ಹೋದ.

"ಎಲ್ಲಿ ನೋವೈತಿ?" ಎಂದರು ಡಾಕ್ಟರಬಾಯಿ.

"ಎಲ್ಲೂ ಇಲ್ರಿ."

"ನಡಿಯಾಕ ತ್ರಾಸ?"

"ಬದಾಮಿ ಮಟಾ ನಡದ ಹೋಗಿ ಬರ್ತೇನ್ರಿ."

ಸೋಮವ್ವ ಹಣೆ ಬಡಿದುಕೊಂಡಳು.

"ಮತ್ಯಾಕ ಬಂದೀರಿ?"

"ಇವರಿಬ್ಬರೂ ಎಳಕೊಂಡ ಬಂದಾರ್ರಿ. ನನಗೇನಾಗೇತಿ? ಬೇಕಾರ ನೋಡ್ರಿ!"

ಬಾಗಿಲು ಬಡಿಯದಂತೆ ಇಟ್ಟಿದ್ದ ದೊಡ್ಡ ಕಲ್ಲಿಗೆ ಅವನು ಕೈ ಹಾಕಿಯೇ ಬಿಟ್ಟ. ಎದೆಯ ತನಕ ಎತ್ತಿಯೂ ಬಿಟ್ಟ. ಅಷ್ಟರಲ್ಲಿ ಎಡಗಾಲು ಮಡಚಿಕೊಂಡಿತು, ಕಲ್ಲು ಕೈ ತಪ್ಪಿತು. ಪಕ್ಕದಲ್ಲಿದ್ದ ಮಲೀಕಸಾಬ ಹಿಂದಕ್ಕೆ ಜಿಗಿದ. ಅವನ ಕಾಲು ಉಳಿಯಿತು, ಚಪ್ಪಲಿ ಉಳಿಯಲಿಲ್ಲ. ಕಲ್ಲಿನಡಿ ಅದು ಹಪ್ಪಳವಾಗಿತ್ತು.

"ಮುತ್ತ್ಯಾ," ಎಂದ ಮಲೀಕಸಾಬ, ಒಂಟಿಕಾಲಲ್ಲಿ ನಿಂತು. "ಇಲ್ಲಿ ನಾ ಜಿಗದೆ. ಖಣಿಯೊಳಗ ನೀ ಮ್ಯಾಲೆ ಕಲ್ಲ ಮೀಟ್ತಿ, ನಾ ಕೆಳಗ ಇರ್ತೇನಿ. ಅಲ್ಲಿ ಎಲ್ಲಿಗೆ ಜಿಗೀಲಿ?"

ನೆಲಕ್ಕೆ ಕುಸಿದಿದ್ದ ಮುತ್ತಪ್ಪ ಚಪ್ಪಲಿಯನ್ನೇ ನೋಡಿದ. ಇಷ್ಟು ದಿನ ತನ್ನ ಮಾನದ ಚಿಂತೆಯಲ್ಲಿ ಗೆಳೆಯನ ಜೀವ ನೆನಪಾಗಿರಲಿಲ್ಲ. ನಾಚಿಕೆಯಾಯಿತು.

"ಬಾಯಾರ, ಮೊದಲಿಂದ ಕೇಳ್ರಿ," ಎಂದ ಮೆಲ್ಲಗೆ. "ಈ ಸಲ ಖರೆ ಹೇಳ್ತೇನಿ."

ಡಾಕ್ಟರಬಾಯಿ ಕಾಲು ಪರೀಕ್ಷಿಸಿ ಸರ್ಟಿಫಿಕೇಟು ಬರೆದರು. ಮುತ್ತಪ್ಪ ಅರ್ಜಿ ಕೊಟ್ಟು ಗಣಿ ಬಿಟ್ಟ. ಪಿಂಚಣಿಯ ಮೊದಲ ಮನಿಯಾರ್ಡರು ಬಂದ ದಿನ ಟಪಾಲಿನವನಿಗೆ ಚಹಾ ಕುಡಿಸಿ, ಪೇಟೆಗೆ ಹೋಗಿ ಮಲೀಕಸಾಬನಿಗೆ ಹೊಸ ಚಪ್ಪಲಿ ತಂದ. ಕೋಲು ಹಿಡಿದು, ನಟ್ಟನಡು ಬೀದಿಯಲ್ಲಿ, ಎಲ್ಲರೆದುರು ಕುಂಟುತ್ತಲೇ ಹೋಗಿದ್ದ.

ಅಣ್ಣಂದಿರೇ, ಅಕ್ಕಂದಿರೇ, ಮೈ ಕೈಕೊಟ್ಟಿದ್ದರೆ ಮುಚ್ಚಿಡಬೇಡಿ. ಡಾಕ್ಟರರಿಗೆ ಇದ್ದುದನ್ನು ಇದ್ದ ಹಾಗೆ ಹೇಳಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ. ತಾಲೂಕು ಕಚೇರಿಯಲ್ಲಿ ಅರ್ಜಿಯ ಬಗ್ಗೆ ವಿಚಾರಿಸಿ. ಮೀಸೆಯನ್ನು ಮನೆಗೆ ಬಂದ ಮೇಲೂ ತಿರುವಬಹುದು. ನಾಳೆ ಕೆಲಸಕ್ಕೆ ಹೋಗುವ ಮುನ್ನ, ನಿಮ್ಮ ಕೆಳಗೆ ಯಾರು ನಿಂತಿರುತ್ತಾರೆ ಎಂದು ಒಮ್ಮೆ ನೆನೆಸಿಕೊಳ್ಳಿ.