ಗಂಗಮ್ಮನ ಬಂಡೆಯ ನೀರು

ಹೊಳೆಗೆ ತನ್ನ ಮಾನದ ಚಿಂತೆ ಇತ್ತೋ ಇಲ್ಲವೋ, ದುರ್ಗಕ್ಕನಿಗಂತೂ ಇತ್ತು. ಕಂಪ್ಲಿಯ ಹತ್ತಿರ ತುಂಗಭದ್ರೆಯ ದಂಡೆಯಲ್ಲಿ ಕಪ್ಪೆಚಿಪ್ಪು ತೆಗೆದು ಮಾರಿಯೇ ಮಕ್ಕಳನ್ನು ಸಾಕಿದವಳು. ಅಂಥ ಹೊಳೆಯ ನೀರನ್ನು ಪರೀಕ್ಷೆಗೆ ಕೊಡಬೇಕೆಂದಾಗ, ಮನೆಯ ಹೆಣ್ಣನ್ನು ಠಾಣೆಗೆ ಕರೆದಷ್ಟು ಸಂಕಟವಾಗಿತ್ತು ಅವಳಿಗೆ.

ಹೋದ ಮಳೆಗಾಲದಲ್ಲಿ ಚಿಪ್ಪು ತಿಂದು ಕೇರಿಗೆ ಕೇರಿಯೇ ವಾಂತಿಭೇದಿಯಿಂದ ಮಲಗಿದ ಮೇಲೆ ಬಂದ ಕಟ್ಟಳೆ ಇದು. ನೀರು ಚೆನ್ನಾಗಿದೆ ಎಂದು ಹೊಸಪೇಟೆಯ ಲ್ಯಾಬಿನಿಂದ ವರದಿ ಬಂದರೆ ದಂಡೆಯ ಕಂಬಕ್ಕೆ ಹಸಿರು ಬಟ್ಟೆ. ಆಮೇಲೆಯೇ ಚಿಪ್ಪು ತೆಗೆಯುವುದು. ಲ್ಯಾಬಿನ ಪಂಪೇಶ್ ಹತ್ತೂರು ಸುತ್ತುವವನು. ಬಾಟಲಿ ತುಂಬುವ ಕೆಲಸವನ್ನು ದುರ್ಗಕ್ಕನಿಗೆ ಒಪ್ಪಿಸಿ ಬಿಡಿಸಿ ಹೇಳಿದ್ದ: "ಅಕ್ಕಾ, ಚಿಪ್ಪು ಎಲ್ಲಿ ತಗೀತೀರಿ, ನೀರೂ ಅಲ್ಲೇ ತುಂಬ್ರಿ. ಬ್ಯಾರೆ ಕಡಿ ಬ್ಯಾಡ."

"ಹಂಗ ಆಗ್ಲಿ ಬಿಡು ತಮ್ಮಾ," ಎಂದಿದ್ದಳು.

ಚಿಪ್ಪು ಕೊಬ್ಬಿ ಬೆಳೆಯುವುದು ಊರ ಚರಂಡಿ ಹೊಳೆ ಸೇರುವ ಬಾಯಲ್ಲಿ. ಬಾಟಲಿ ಹಿಡಿದು ಅಲ್ಲಿ ನಿಂತವಳಿಗೆ ತುಂಬಲು ಕೈ ಬರಲಿಲ್ಲ. ನಾಲ್ಕು ಮಂದಿ ನೋಡುವ ನೀರು, ಇಲ್ಲಿಂದ ಕೊಡುವುದೇ? ಸೀರೆಯೆತ್ತಿ ನಡುಹೊಳೆಗೆ ನಡೆದು, ಗಂಗಮ್ಮನ ಪೂಜೆ ಮಾಡುವ ಬಂಡೆಯ ಬಳಿ ತುಂಬಿ ಕೈಮುಗಿದು ಬಂದಳು. ಮೋಸವೆಂದು ಅನ್ನಿಸಲೇ ಇಲ್ಲ. ಮರ್ಯಾದೆ ಉಳಿಸಿದೆ ಎಂದುಕೊಂಡಳು ಪುಣ್ಯಾತ್ಗಿತ್ತಿ.

ಮೂರನೇ ದಿನ ಹಸಿರು ಬಟ್ಟೆ ಏರಿತು.

ಮಗಳು ತಾಯಕ್ಕ ಆರು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಬಸುರು. ಚಿಪ್ಪಿನ ಸಾರಿನ ಬಯಕೆಯಿದ್ದರೂ ಪರೀಕ್ಷೆ ಆಗಲಿ ಎಂದು ಬಾಯಿ ಕಟ್ಟಿ ಕೂತಿದ್ದಳು.

"ಈಗ ತಿನ್ನಬೌದೇನಬೇ?"

"ಬಟ್ಟಿ ಕಾಣವಲ್ದೇನು? ಹೊಟ್ಟಿ ತುಂಬ ಉಣ್ಣು."

ಚರಂಡಿ ಬಾಯಿಂದಲೇ ದಪ್ಪ ದಪ್ಪ ಚಿಪ್ಪು ಆರಿಸಿ ತಂದಳು ದುರ್ಗಕ್ಕ. ಹೆಚ್ಚು ಬೆಂದರೆ ಗಟ್ಟಿಯಾಗುತ್ತದೆಂದು, ಚಿಪ್ಪು ಬಾಯಿ ಬಿಟ್ಟ ಕೂಡಲೇ ಒಲೆಯಿಂದ ಇಳಿಸಿದಳು. ಬಿಸಿ ರೊಟ್ಟಿಯ ಜತೆ ತಾನೇ ಬಡಿಸಿದಳು.

ಮರುದಿನ ತಾಯಕ್ಕನಿಗೆ ಭೇದಿ, ಜ್ವರ. ನಾಲ್ಕನೇ ದಿನ ಆಸ್ಪತ್ರೆಯಲ್ಲಿ ಕೂಸು ಹೊಟ್ಟೆಯಲ್ಲೇ ಹೋಯಿತು.

ತಪ್ಪು ಲ್ಯಾಬಿನದೆಂದು ಕೇರಿಯವರು ಪಂಪೇಶನ ಕೊರಳಪಟ್ಟಿ ಹಿಡಿದರು. ತಾಯಕ್ಕನ ಗಂಡ ಹುಲಿಗೇಶ್ ಎರಡೇಟು ಬಿಗಿದ. ಹರಿದ ಅಂಗಿಯಲ್ಲೇ ವಾರ್ಡಿಗೆ ಬಂದ ಪಂಪೇಶ್ ದುರ್ಗಕ್ಕನ ಮುಂದೆ ನಿಂತ. "ನೀರು ಎಲ್ಲಿ ತುಂಬಿದ್ರಿ ಅಕ್ಕಾ? ಒಂದ್ ಮಾತು ಹೇಳ್ರಿ."

ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಬಂಡೆಯ ಬಳಿ ಅವಳನ್ನು ಯಾರೂ ನೋಡಿರಲಿಲ್ಲ. ಆದರೆ ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಎಷ್ಟು ಹೊತ್ತು ಕೂರಲಾದೀತು?

"ಗಂಗಮ್ಮನ ಬಂಡೆ ಹತ್ರ," ಎಂದಳು. "ಚಿಪ್ಪು ತಂದಿದ್ದು ಚರಂಡಿ ಬಾಯಾಗ."

ಮಂಚದ ಪಕ್ಕ ನಿಂತಿದ್ದ ಹುಲಿಗೇಶನ ಮುಖ ಕಪ್ಪಿಟ್ಟಿತು. ಮಂಚದ ಮೇಲಿಂದ ತಾಯಕ್ಕ ಕೇಳಿದಳು: "ಯಾಕಬೇ?"

"ಹೊಳಿ ಮರ್ಯಾದಿ ಹೋಗ್ತೈತಂತ..."

ತಲೆ ಸವರಲು ಬಂದ ತಾಯಿಯ ಕೈಯನ್ನು ತಾಯಕ್ಕ ಮೆಲ್ಲಗೆ ಸರಿಸಿ, ಗಂಡನ ಕಡೆ ತಿರುಗಿದಳು.

"ಬಾಣಂತನಕ್ಕ ತವರು ಬ್ಯಾಡ. ನಮ್ಮನಿಗೇ ಕರ್ಕೊಂಡು ಹೋಗ್ರಿ. ಅವ್ವನ ಕೈಲಿ ನಾ ಇನ್ನ ಉಣ್ಣಂಗಿಲ್ಲ."