ಬಂಡೆಪ್ಪನ ದನಿ

ಖಾನಾಪುರದ ಹೊರಗಿನ ಕಲ್ಲಿನ ಖಣಿಯಲ್ಲಿ ಕ್ರೇನ್ ನಡೆಸುತ್ತಿದ್ದ ಬಂಡೆಪ್ಪನ ದನಿ ಎಂಥದೆಂದರೆ, ಸಂಜೆ ಕೆಲಸ ಬಿಟ್ಟು ಬಂದವನು ಓಣಿಯ ತುದಿಯಲ್ಲಿ ನಿಂತು 'ರೊಟ್ಟಿ ಬಡಿ' ಎಂದರೆ ಆಜುಬಾಜಿನ ಹೆಂಗಸರೂ ಒಲೆ ಹೊತ್ತಿಸುತ್ತಿದ್ದರು. ಪ್ರೀತಿ ಬಂದರೂ ಕೂಗು, ಸಿಟ್ಟು ಬಂದರೂ ಕೂಗು. ಮದುವೆಯಾದ ಹೊಸದರಲ್ಲಿ ಹೆಂಡತಿ ರೇಣವ್ವ ಬೆಚ್ಚಿಬೀಳುತ್ತಿದ್ದಳು. ಆಮೇಲಾಮೇಲೆ, ಗಿರಣಿಯ ಪಕ್ಕದ ಮನೆಯವರಿಗೆ ಗಿರಣಿಯ ಸದ್ದು ರೂಢಿಯಾಗುವಂತೆ, ಅವಳಿಗೂ ರೂಢಿಯಾಯಿತು.

ಎಂಬತ್ತಮೂರರ ದೀಪಾವಳಿಯ ಹೊತ್ತಿಗೆ ಆ ದನಿ ಒಡೆಯಿತು. ಮೊದಮೊದಲು ಎಲ್ಲರೂ ನಕ್ಕರು. ರೇಣವ್ವ ಶುಂಠಿ ಕುದಿಸಿ ಕೊಟ್ಟಳು, ಅರಿಷಿಣದ ಹಾಲು ಕುಡಿಸಿದಳು. ಸಂಕ್ರಾಂತಿ ಬಂದರೂ ಗಂಟಲು ಹರಕು ಡೋಲಿನ ಹಾಗೆಯೇ ಇತ್ತು. ಅವಳ ಸೋದರಮಾವನಿಗೂ ಹೀಗೆಯೇ ದನಿ ಕಟ್ಟಿತ್ತು. ಆ ವರ್ಷ ಕಳೆಯುವುದರೊಳಗೆ ಅವನನ್ನು ಮಣ್ಣು ಮಾಡಿ ಬಂದಿದ್ದರು. ಈ ಮಾತನ್ನು ಅವಳು ಗಂಡನ ಮುಂದೆ ಆಡಲಿಲ್ಲ. ಬಾಜು ಮನೆಯ ಚಾಂದಬೀಯ ಮುಂದೆ ಆಡಿದಳು. ಚಾಂದಬೀ ತನ್ನ ಗಂಡ ಮದಾರಸಾಬನ ಕಿವಿಗೆ ಹಾಕಿದಳು.

ಮದಾರಸಾಬನೂ ಅದೇ ಖಣಿಯವನು. ಬಂಡೆಪ್ಪನ ಭುಜಕ್ಕೂ ಬಾರದ ಸಣ್ಣ ಆಳು, ಆದರೆ ಬಂಡೆಪ್ಪನನ್ನು ಬಗ್ಗಿಸುವ ಉಪಾಯ ಬಲ್ಲವನು. ಡಾಕ್ಟರ ಹೆಸರೆತ್ತಿದರೆ ಸಾಕು, ಬಂಡೆಪ್ಪ ಊಟವನ್ನೇ ಬಿಟ್ಟು ಎದ್ದುಹೋಗುತ್ತಿದ್ದ.

"ನನ್ನ ಕಿವಿ ಯಾಕೋ ಸರಿ ಇಲ್ಲ ಬಂಡೆಪ್ಪ. ಬೆಳಗಾವಿಗೆ ಹೋಗಿ ತೋರಸ್ಬೇಕು. ಒಬ್ಬನ ಹೋಗಾಕ ಅಂಜಿಕಿ, ಜೋಡಿಗೆ ಬಾ," ಎಂದ.

ಗೆಳೆಯನ ಕಿವಿ ಎಂದ ಮೇಲೆ ಬಂಡೆಪ್ಪ ಇಲ್ಲವೆನ್ನಲಿಲ್ಲ. ಸಂತೆಯ ನೆಪ ಹೇಳಿ ರೇಣವ್ವನೂ ಬಸ್ಸು ಹತ್ತಿದಳು.

ಬೆಳಗಾವಿಯ ಟಿಳಕವಾಡಿಯ ಡಾಕ್ಟರು ಯಾರಿಗೆ ತೊಂದರೆ ಎಂದು ಕೇಳಿದಾಗ ಮದಾರಸಾಬ ಎದ್ದು ನಿಂತು, "ಕೆಟ್ಟದ್ದು ನನ್ನ ಕಿವಿರೀ. ಆದ್ರ ಅದನ್ನ ಕೆಡಿಸಿದ್ದು ಇವನ ಗಂಟಲ. ಮೊದಲ ಅದನ್ನ ನೋಡ್ರಿ," ಎಂದ.

ಬಂಡೆಪ್ಪ ಬೈಯಲು ಬಾಯಿ ತೆರೆದ. ತೆರೆದ ಬಾಯೊಳಗೆ ಡಾಕ್ಟರು ಸಣ್ಣ ಕನ್ನಡಿ ಇಟ್ಟರು.

ಬಹಳ ಹೊತ್ತು ನೋಡಿದ ಮೇಲೆ, ಒಳಗೊಂದು ಗಂಟು ಇದೆ ಎಂದರು. ಮರುದಿನ ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಒಂದು ಮಾತೂ ಆಡಕೂಡದು, ಪಿಸುಗುಡುವುದೂ ಬೇಡ ಎಂದು ಕಟ್ಟುನಿಟ್ಟು ಮಾಡಿದರು.

ಬಂಡೆಪ್ಪ ಮನೆಯಲ್ಲಿ ಕುಳಿತ. ರೊಟ್ಟಿ ಬೇಕಾದರೆ ಚಪ್ಪಾಳೆ, ಪಲ್ಯ ಬೇಕಾದರೆ ತಾಟಿನ ಮೇಲೆ ಬೆರಳಿನ ಬಡಿತ. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ರೇಣವ್ವನಿಗೆ ತನ್ನ ಬಳೆಗಳ ಸದ್ದೇ ದೊಡ್ಡದಾಗಿ ಕೇಳತೊಡಗಿತು. ದಿನವೂ ದೇವರಿಗೆ ಒಂದೇ ಬೇಡಿಕೆ: ಬೈದರೂ ಬೈಯಲಿ, ಕೂಗಿದರೂ ಕೂಗಲಿ, ಇರಲಿ.

ಹೀಗಿರುವಾಗ ಒಂದು ಮಧ್ಯಾಹ್ನ ತವರೂರು ಹಲಸಿಯಿಂದ ಅವಳ ತಮ್ಮ ಸತ್ಯಪ್ಪ ಬಂದ. ರೇಣವ್ವ ಗಂಡನ ಮುಖ ನೋಡಿದಳು. ಸತ್ಯಪ್ಪನ ಮದುವೆಯ ಊಟದಲ್ಲಿ ಬಂಡೆಪ್ಪನನ್ನು ಮೊದಲ ಪಂಕ್ತಿಗೆ ಕರೆಯದೆ ಕೂರಿಸಿಟ್ಟಿದ್ದರು. ಅವನು ಚಪ್ಪರ ನಡುಗುವಂತೆ ಕೂಗಾಡಿ, ಉಣ್ಣದೆ ಎದ್ದು ಬಂದಿದ್ದ. ಅಂದಿನಿಂದ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಮಾತು ತೆಗೆಯಲು ಬಂದವರನ್ನೂ ಬಂಡೆಪ್ಪ ಕೂಗಿಯೇ ಕಳಿಸಿದ್ದ.

ಸತ್ಯಪ್ಪ ಹೊಸ್ತಿಲ ಬಳಿಯೇ ಕುಳಿತ. "ಮಾಮಾ, ಮದಾರಸಾಬಣ್ಣ ಸುದ್ದಿ ಮುಟ್ಟಿಸಿದ್ರು. ಒಂದು ಮಾತು ಹೇಳೂದೈತಿ. ಹೇಳಿ ಹೋಗ್ತೇನಿ."

ಬಂಡೆಪ್ಪನ ಮುಖ ಕೆಂಪಾಯಿತು. ಕೈ ಎತ್ತಿದ, ಬಾಯಿ ತೆರೆದ.

"ಬಾಯಿ ಮುಚ್ರಿ," ಎಂದಳು ರೇಣವ್ವ. ಅಷ್ಟು ವರ್ಷಗಳಲ್ಲಿ ಅವಳು ಗಂಡನಿಗೆ ಹಾಗೆಂದದ್ದು ಅದೇ ಮೊದಲು. ಬಂಡೆಪ್ಪ ಬಾಯಿ ಮುಚ್ಚಿದ.

"ಮೊದಲ ಪಂಕ್ತಿ ಬಂದ ಬೀಗರಿಗೆ," ಎಂದ ಸತ್ಯಪ್ಪ. "ಮನಿ ಮಂದಿ ಉಣ್ಣೂದು ಕಡೀ ಪಂಕ್ತಿಗೆ. ಅಪ್ಪ ಹೋದ ಮ್ಯಾಲೆ ನಮ್ಮ ಮನಿಗೆ ಹಿರ್ಯಾ ಅಂದ್ರ ನೀವು. ನನ್ನ ಬಾಜು ನಿಮಗೂ ಎಲಿ ಹಾಕಿಸಿದ್ದೆ. ಅದನ್ನ ಹೇಳಾಕ ಬಂದ್ರ ನೀವು ಕೇಳಲಿಲ್ಲ. ಆ ಎಲಿ ಹಂಗ ಉಳೀತು. ನಾನೂ ಉಣ್ಣಲಿಲ್ಲ."

ಬಂಡೆಪ್ಪ ಎದ್ದು ಹೋಗಿ ಸತ್ಯಪ್ಪನ ತೋಳು ಹಿಡಿದು ಒಳಗೆಳೆದು, ತಾನು ಕೂರುವ ಚಾಪೆಯ ಮೇಲೆ ಕೂರಿಸಿದ. ರೇಣವ್ವನ ಕಡೆ ತಿರುಗಿ ಚಪ್ಪಾಳೆ ತಟ್ಟಿದ. ಅವಳು ಕಣ್ಣೊರೆಸಿಕೊಂಡು ಹಿಟ್ಟು ನಾದಲು ಹೋದಳು.

ಫಲಿತಾಂಶ ಕೇಳಲು ಹೋದ ದಿನ ಸತ್ಯಪ್ಪನೂ ಮದಾರಸಾಬನೂ ಜೊತೆಗಿದ್ದರು. ಡಾಕ್ಟರು ಬಂಡೆಪ್ಪನನ್ನು ಬಿಟ್ಟು ರೇಣವ್ವನನ್ನು ನೋಡಿ, "ಅಂಜಬ್ಯಾಡ್ರಿ ತಾಯಿ. ಕೆಟ್ಟ ಗಂಟಲ್ಲ. ಚೀರಿ ಚೀರಿ ಆದದ್ದು. ಇನ್ನ ಮಾತಾಡಬಹುದು, ಮೆತ್ತಗ," ಎಂದರು.

ರೇಣವ್ವ ಹೊರಗೆ ಬಂದವಳೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅಳುವೋ ನಗುವೋ ತನಗೇ ತಿಳಿಯದೆ ಸೆರಗು ಬಾಯಿಗೊತ್ತಿಕೊಂಡಳು. ಬಂಡೆಪ್ಪ ಪಕ್ಕದಲ್ಲಿ ಕುಳಿತು, ಬೇರೆ ಯಾರದೋ ಎನ್ನುವಂಥ ಸಣ್ಣ ದನಿಯಲ್ಲಿ ಕೇಳಿದ: "ನೀ ಇಷ್ಟು ದಿನಾ ಒಬ್ಬಾಕೀನ ಅಂಜಿದ್ಯಾ?"

"ಹೂಂ," ಎಂದಳು.

"ನಾನೂ ಅಂಜಿದ್ದೆ," ಎಂದ.

ಖಾನಾಪುರದ ಬಸ್ಸಿನಲ್ಲಿ ನಾಲ್ವರಿಗೂ ಜಾಗ ಸಿಕ್ಕಿತು. ಮಚ್ಛೆ ಊರು ದಾಟುವಷ್ಟರಲ್ಲಿ ಬಂಡೆಪ್ಪ ನಿದ್ದೆಹೋಗಿ ಗೊರಕೆ ಹೊಡೆಯತೊಡಗಿದ. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು. ಮದಾರಸಾಬ ಅವನನ್ನು ಅಲುಗಿಸಲು ಕೈ ಚಾಚಿದ.

"ಬಿಡ್ರಿ ಅಣ್ಣಾ," ಎಂದಳು ರೇಣವ್ವ. "ಗೊರಕಿ ಹೊಡೀಬ್ಯಾಡ ಅಂತ ಡಾಕ್ಟರ್ ಹೇಳಿಲ್ಲ." ಗಂಡನ ತಲೆ ಕಿಟಕಿಗೆ ಬಡಿಯದಂತೆ ತನ್ನ ಹೆಗಲು ಕೊಟ್ಟು ಕಣ್ಣು ಮುಚ್ಚಿದಳು.